ನಾಯಿ ಚಾಕೊಲೇಟ್ ತಿಂದರೆ ಮೊದಲು ಏನು, ಆಮೇಲೆ ಏನು

ಪ್ರಾಣಿಗಳ ಕ್ಲಿನಿಕ್ ಒಂದರಲ್ಲಿ ಫೋನ್ ಎತ್ತುವ ಕೆಲಸ ನನ್ನದು. ನಾನು ಡಾಕ್ಟರ್ ಅಲ್ಲ. ಆದರೆ "ನಮ್ಮ ನಾಯಿ ಚಾಕ್ಲೇಟ್ ತಿಂದ್ಬಿಟ್ಟಿದೆ, ಏನು ಕೊಡ್ಲಿ?" ಅನ್ನುವ ಮಾತು ಮೊದಲು ಬೀಳುವುದು ನನ್ನ ಕಿವಿಗೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ಫೋನ್ ಮಾಡುವ ಹೊತ್ತಿಗೆ ಉಪ್ಪುನೀರು ಕುಡಿಸಿ ಆಗಿರುತ್ತದೆ, ಹಾಲೂ ಕುಡಿಸಿ ಆಗಿರುತ್ತದೆ. ನಾಯಿಯ ತೂಕ ಎಷ್ಟು, ಯಾವ ಚಾಕೊಲೇಟ್, ಎಷ್ಟು ತಿಂದಿತು ಅಂತ ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಕವರ್ ಕಸದ ಗಾಡಿಗೆ ಹೋಗಿರುತ್ತದೆ.

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮೊದಲು ಲೆಕ್ಕ, ಆಮೇಲೆ ಫೋನ್. ನಾಯಿಯ ಬಾಯಿಗೆ ಏನಾದರೂ ಹಾಕುವುದು ಡಾಕ್ಟರ್ ಹೇಳಿದ ಮೇಲೆ ಮಾತ್ರ.

ನಾಯಿಗೆ ಈಗಾಗಲೇ ಮೈ ನಡುಗುತ್ತಿದ್ದರೆ, ಫಿಟ್ಸ್ ಬರುತ್ತಿದ್ದರೆ, ನಿಲ್ಲಲಾಗದೆ ವಾಲುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಫೋನ್ ಮಾಡಿ.

ಕೈಗೆ ಸಿಗುವಂತೆ ಇರಬೇಕಾದವು

ಅಡುಗೆಮನೆಯ ಚಿಕ್ಕ ತಕ್ಕಡಿ, ಮನುಷ್ಯರ ತೂಕ ನೋಡುವ ಯಂತ್ರ, ಡಿಜಿಟಲ್ ಥರ್ಮಾಮೀಟರ್ (ನಾಯಿಗೆಂದೇ ಬೇರೆ ಇಡಿ), ಪೆನ್ನು, ಹಾಳೆ. ನಾಯಿಯ ಲಸಿಕೆ ಪುಸ್ತಕ. ನಿಮ್ಮ ಡಾಕ್ಟರ ನಂಬರ್, ಜೊತೆಗೆ ರಾತ್ರಿ ತೆರೆದಿರುವ ಇನ್ನೊಂದು ಕ್ಲಿನಿಕ್‌ನ ನಂಬರ್. ಈ ಎರಡನೇ ನಂಬರನ್ನು ಇವತ್ತೇ ಹುಡುಕಿ ಬರೆದಿಡಿ. ರಾತ್ರಿ ಹನ್ನೊಂದು ಗಂಟೆಗೆ ಗಾಬರಿಯಲ್ಲಿ ಹುಡುಕುವುದು ತುಂಬಾ ಕಷ್ಟ.

ಹಂತ 1: ಉಳಿದದ್ದನ್ನು ಎತ್ತಿಡಿ, ಕವರ್ ಬಿಸಾಡಬೇಡಿ

ನಾಯಿಯನ್ನು ಬೇರೆ ಕೋಣೆಗೆ ಕಳಿಸಿ ಬಾಗಿಲು ಹಾಕಿ. ಕೂಗಾಡಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಬಾಯಲ್ಲಿ ಇರುವುದನ್ನು ನಾಯಿ ಕವರ್ ಸಮೇತ ನುಂಗಿಬಿಡುತ್ತದೆ. ಬಾಯಲ್ಲಿ ಇನ್ನೂ ತುಂಡು ಇದ್ದರೆ ಅದಕ್ಕೆ ಇಷ್ಟವಾದ ಬೇರೆ ತಿಂಡಿ ತೋರಿಸಿ ಬಿಡಿಸಿ.

ಆಮೇಲೆ ನೆಲದ ಮೇಲಿನ ಚೂರು, ಕವರ್, ಡಬ್ಬಿ, ಬೆಳ್ಳಿ ಹಾಳೆ ಎಲ್ಲವನ್ನೂ ಒಂದು ತಟ್ಟೆಗೆ ಹಾಕಿ. ಸೋಫಾದ ಕೆಳಗೆ, ಮಂಚದ ಕೆಳಗೆ ನೋಡಿ. ಮುಂದಿನ ಲೆಕ್ಕವೆಲ್ಲ ಈ ತಟ್ಟೆಯ ಮೇಲೆ ನಿಂತಿದೆ.

ಮನೆಯಲ್ಲಿ ಎರಡು ನಾಯಿ ಇದ್ದರೆ? ಯಾವುದು ಎಷ್ಟು ತಿಂದಿತು ಅಂತ ಗೊತ್ತಿಲ್ಲದಿದ್ದರೆ, ಪೂರ್ತಿ ತಿಂದದ್ದು ಇದೇ ನಾಯಿ ಅಂದುಕೊಂಡು ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ ಹಾಕಿ. ಅರ್ಧ ಅರ್ಧ ತಿಂದಿರಬಹುದು ಅಂತ ಹಂಚಬೇಡಿ.

ಹಂತ 2: ನಾಲ್ಕು ವಿಷಯ ಬರೆದುಕೊಳ್ಳಿ

ತೂಕ. ನಾಯಿಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಎತ್ತಲಾಗದಷ್ಟು ದೊಡ್ಡದಾದರೆ ಲಸಿಕೆ ಪುಸ್ತಕದಲ್ಲಿ ಹಿಂದಿನ ತೂಕ ಇರುತ್ತದೆ. ಅಂದಾಜು ಮಾಡಲೇಬೇಕಾದರೆ ಸ್ವಲ್ಪ ಕಡಿಮೆಯೇ ಹಿಡಿಯಿರಿ.

ಯಾವ ಚಾಕೊಲೇಟ್. ನಮ್ಮ ಕಡೆ ಇಲ್ಲೇ ದೊಡ್ಡ ಗೊಂದಲ. ಅಂಗಡಿಯ ಗಾಜಿನ ಭರಣಿಯಲ್ಲಿರುವ ಪೆಪ್ಪರ್‌ಮಿಂಟು, ಮಾವಿನ ರುಚಿಯ ಗಟ್ಟಿ ಮಿಠಾಯಿ, ಟಾಫಿ ಎಲ್ಲವನ್ನೂ ನಾವು "ಚಾಕ್ಲೇಟ್" ಅಂತಲೇ ಕರೆಯುತ್ತೇವೆ, ಅಲ್ವಾ? ಸಕ್ಕರೆ ಮಿಠಾಯಿಯಲ್ಲಿ ಕೋಕೋ ಇರುವುದಿಲ್ಲ. ನಾಯಿಗೆ ವಿಷವಾಗುವುದು ಕೋಕೋದಲ್ಲಿರುವ ಥಿಯೋಬ್ರೋಮಿನ್, ಜೊತೆಗೆ ಸ್ವಲ್ಪ ಕೆಫೀನ್. ಆದ್ದರಿಂದ ಫೋನಿನಲ್ಲಿ ಸುಮ್ನೆ "ಚಾಕ್ಲೇಟ್" ಅನ್ನಬೇಡಿ, ಕವರ್ ಮೇಲಿನ ಹೆಸರು ಓದಿ ಹೇಳಿ.

ಎಷ್ಟು. ಪ್ಯಾಕೆಟ್ ಮೇಲಿನ ಗ್ರಾಂ ನೋಡಿ, ತಟ್ಟೆಯಲ್ಲಿ ಉಳಿದದ್ದನ್ನು ತೂಗಿ, ಕಳೆಯಿರಿ. ಕಾಣದ ಚೂರೆಲ್ಲ ಹೊಟ್ಟೆಗೆ ಹೋಗಿದೆ ಅಂತಲೇ ಲೆಕ್ಕ ಹಿಡಿಯಿರಿ.

ಯಾವಾಗ. ನಾಯಿಯನ್ನು ಕೊನೆಯ ಸಲ ಚಾಕೊಲೇಟ್ ಇಲ್ಲದೆ ನೋಡಿದ ಸಮಯವನ್ನು ಬರೆಯಿರಿ. ನೀವು ಮನೆಗೆ ಬಂದು ಕವರ್ ನೋಡಿದ ಸಮಯವಲ್ಲ. ಬೆಳಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋಗಿ ಸಂಜೆ ಆರಕ್ಕೆ ಬಂದಿದ್ದರೆ, ಅದು ಒಂಬತ್ತು ಗಂಟೆ ಹಿಂದೆಯೇ ತಿಂದಿರಬಹುದು.

ಹಂತ 3: ಲೆಕ್ಕ ಹಾಕಿ

ಒಂದೊಂದು ಚಾಕೊಲೇಟಿನಲ್ಲೂ ವಿಷದ ಪ್ರಮಾಣ ಬೇರೆ ಬೇರೆ. ಒಂದು ಗ್ರಾಂನಲ್ಲಿ ಎಷ್ಟು ಥಿಯೋಬ್ರೋಮಿನ್ ಇರುತ್ತದೆ ಅನ್ನುವುದಕ್ಕೆ ಈ ಅಂದಾಜು ಸಾಕು:

- ಬಿಳಿ ಚಾಕೊಲೇಟ್: ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ
- ಮಿಲ್ಕ್ ಚಾಕೊಲೇಟ್: 2 ಮಿಲಿಗ್ರಾಂ
- ಸಾಮಾನ್ಯ ಡಾರ್ಕ್ ಚಾಕೊಲೇಟ್: 5 ಮಿಲಿಗ್ರಾಂ
- 70 ಶೇಕಡಾ ಅಥವಾ ಅದಕ್ಕೂ ಗಟ್ಟಿ ಡಾರ್ಕ್: 8 ಮಿಲಿಗ್ರಾಂ ಅಥವಾ ಜಾಸ್ತಿ
- ಬೇಕಿಂಗ್‌ಗೆ ಬಳಸುವ ಸಕ್ಕರೆ ಇಲ್ಲದ ಚಾಕೊಲೇಟ್: 15 ಮಿಲಿಗ್ರಾಂ
- ಕೋಕೋ ಪುಡಿ: 25 ಮಿಲಿಗ್ರಾಂ

ತಿಂದ ಗ್ರಾಂ ಅನ್ನು ಈ ಸಂಖ್ಯೆಯಿಂದ ಗುಣಿಸಿ. ಬಂದದ್ದನ್ನು ನಾಯಿಯ ತೂಕದಿಂದ ಭಾಗಿಸಿ. ಸಿಗುವ ಉತ್ತರ, ಒಂದು ಕೆಜಿ ತೂಕಕ್ಕೆ ಎಷ್ಟು ಮಿಲಿಗ್ರಾಂ ಹೋಗಿದೆ ಅನ್ನುವುದು.

20ರ ಹತ್ತಿರ ಬಂದರೆ ವಾಂತಿ, ಭೇದಿ, ಚಡಪಡಿಕೆ ಶುರುವಾಗಬಹುದು. 40ರಿಂದ 50ಕ್ಕೆ ಹೃದಯದ ಬಡಿತ ಕೆಡುತ್ತದೆ. 60 ದಾಟಿದರೆ ಫಿಟ್ಸ್ ಬರಬಹುದು. 100 ದಾಟಿದರೆ ಜೀವಕ್ಕೇ ಕುತ್ತು, ಕೆಲವು ನಾಯಿಗಳಿಗೆ ಅದಕ್ಕಿಂತ ಕಡಿಮೆಯಲ್ಲೂ.

ಮೂವತ್ತು ಕೆಜಿಯ ಲ್ಯಾಬ್ರಡಾರ್ 40 ಗ್ರಾಂ ಮಿಲ್ಕ್ ಚಾಕೊಲೇಟ್ ತಿಂದರೆ ಉತ್ತರ 3ಕ್ಕಿಂತ ಕಡಿಮೆ. ಹೊಟ್ಟೆ ಸ್ವಲ್ಪ ಕೆಡಬಹುದು, ಅಷ್ಟೇ. ಅದೇ ಎಂಟು ಕೆಜಿಯ ಸ್ಪಿಟ್ಜ್ 70 ಶೇಕಡಾ ಡಾರ್ಕ್ ಚಾಕೊಲೇಟನ್ನು 50 ಗ್ರಾಂ ತಿಂದರೆ ಉತ್ತರ 50. ಎರಡೂ ಮನೆಯವರು ಫೋನಿನಲ್ಲಿ ಹೇಳುವುದು ಒಂದೇ ಮಾತು, "ಒಂದು ಚಾಕ್ಲೇಟ್ ತಿಂತು" ಅಂತ.

ಕೇಕ್, ಬ್ರೌನಿ ಆದರೆ ಕೇಕಿನ ತೂಕ ಹಿಡಿಯಬೇಡಿ, ಒಳಗೆ ಹಾಕಿದ ಕೋಕೋ ಪುಡಿಯ ತೂಕ ಹಿಡಿಯಿರಿ. ಮನೆಯಲ್ಲೇ 60 ಗ್ರಾಂ ಕೋಕೋ ಹಾಕಿ ಮಾಡಿದ ಕೇಕಿನಲ್ಲಿ ಕಾಲು ಭಾಗ ತಿಂದಿದ್ದರೆ 15 ಗ್ರಾಂ ಕೋಕೋ ಹೋಯಿತು. 15ನ್ನು 25ರಿಂದ ಗುಣಿಸಿದರೆ 375. ನಾಯಿ 12 ಕೆಜಿ ಇದ್ದರೆ ಉತ್ತರ 31. ಕೇಕ್ ಬೇಕರಿಯದ್ದಾದರೆ ಬೇಕರಿಗೇ ಫೋನ್ ಮಾಡಿ ಕೇಳಿ, ಹೇಳುತ್ತಾರೆ. ಅವರು ಬಳಸುವ ಡಾರ್ಕ್ ಕಾಂಪೌಂಡ್ (ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಚಾಕೊಲೇಟ್ ಗಟ್ಟಿ) ಅನ್ನು ಡಾರ್ಕ್ ಚಾಕೊಲೇಟ್ ಲೆಕ್ಕಕ್ಕೇ ಸೇರಿಸಿ.

ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಓದುಗರಿಗೆ ಒಂದು ಮಾತು. ಅಡಿಕೆ ತೋಟದ ನಡುವೆ ಕೊಕ್ಕೋ ಇರುವ ಮನೆಗಳಲ್ಲಿ ಅಂಗಳದಲ್ಲಿ ಬೀಜ ಒಣಗಲು ಹಾಕಿರುತ್ತೀರಿ. ಆ ಬೀಜದ ವಿಷ ಅಂಗಡಿಯ ಮಿಲ್ಕ್ ಚಾಕೊಲೇಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ನಾಯಿ ಬೀಜ ಅಗಿಯುವುದನ್ನು ಕಂಡರೆ ಬೇಕಿಂಗ್ ಚಾಕೊಲೇಟ್ ತಿಂದಷ್ಟೇ ಗಂಭೀರವಾಗಿ ನೋಡಿ. ಬೀಜದ ಸಿಪ್ಪೆಯಲ್ಲೂ ವಿಷ ಇದೆ.

ಲೆಕ್ಕ ಕಡಿಮೆ ಬಂದರೂ ಮರಿಗಳು, ವಯಸ್ಸಾದವು, ಗಬ್ಬದ ನಾಯಿ, ಹೃದಯದ ತೊಂದರೆ ಇರುವವು ಅಥವಾ ಮೊದಲೇ ಫಿಟ್ಸ್ ಬರುವ ನಾಯಿಗಳಾದರೆ ಡಾಕ್ಟರ ಜೊತೆ ಮಾತಾಡಿಯೇ ಬಿಡಿ.

ಹಂತ 4: ಕವರ್ ಹಿಂದೆ ತಿರುಗಿಸಿ, ಬೇರೆ ಏನಿದೆ ನೋಡಿ

ಕೆಲವು ಸಲ ಕೋಕೋ ಅಲ್ಲ, ಅದರ ಜೊತೆಗೆ ಇದ್ದದ್ದೇ ಹೆಚ್ಚು ಅಪಾಯ.

ಶುಗರ್ ಫ್ರೀ ಚಾಕೊಲೇಟ್ ಆದರೆ, ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇದೆಯಾ ನೋಡಿ. ನಮ್ಮ ದೇಶದ ಪ್ಯಾಕೆಟ್‌ಗಳ ಮೇಲೆ ಅದು ಐಎನ್ಎಸ್ (INS) 967 ಅನ್ನುವ ಸಂಖ್ಯೆಯಲ್ಲಿ ಅಡಗಿರಬಹುದು; ತಿಂಡಿಗೆ ಸೇರಿಸುವ ಪದಾರ್ಥಗಳಿಗೆ ಕೊಡುವ ಸಂಖ್ಯೆ ಅದು. ನಾಯಿಯ ರಕ್ತದ ಸಕ್ಕರೆಯನ್ನು ಅದು ಅರ್ಧ ಗಂಟೆಯಲ್ಲೇ ಕುಸಿಯುವಂತೆ ಮಾಡಬಲ್ಲದು, ಲಿವರನ್ನೂ ಕೆಡಿಸಬಲ್ಲದು. 967 ಕಂಡರೆ ಲೆಕ್ಕ ಅಲ್ಲಿಗೇ ಬಿಟ್ಟು ಹೊರಡಿ. 965 ಅಂತ ಇದ್ದರೆ ಅದು ಮಾಲ್ಟಿಟಾಲ್. ಅದರಿಂದ ಭೇದಿಯಾಗಬಹುದು, ಆದರೆ ಅದು ಆ ಥರದ ವಿಷವಲ್ಲ.

ಒಣದ್ರಾಕ್ಷಿ ಇರುವ ಚಾಕೊಲೇಟ್ ಆದರೆ ತಪ್ಪದೆ ಹೇಳಿ. ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ಹೊಡೆತ ಕೊಡುತ್ತದೆ, ಮತ್ತು ಎಷ್ಟು ತಿಂದರೆ ಆಗುತ್ತದೆ ಅನ್ನುವುದಕ್ಕೆ ನಂಬುವಂಥ ಲೆಕ್ಕ ಇಲ್ಲ.

ಮಡಿಕೇರಿಗೆ ಹೋದವರು ತರುವ ಹೋಮ್‌ಮೇಡ್ ಚಾಕೊಲೇಟ್ ನನಗೆ ಯಾವಾಗಲೂ ಚಿಂತೆಯ ವಿಷಯ. ತೂಕಕ್ಕೆ ಕೊಡುವ ಸರಕು ಅದು, ಎಷ್ಟೋ ಸಲ ಕವರ್ ಮೇಲೆ ಏನೂ ಬರೆದಿರುವುದಿಲ್ಲ. ಕೆಲವದರಲ್ಲಿ ಕಾಫಿ, ಕೆಲವದರಲ್ಲಿ ಒಣದ್ರಾಕ್ಷಿ. ಒಂದು ಮನೆಯವರು ಪ್ರವಾಸದಿಂದ ಬಂದ ರಾತ್ರಿ ಚೀಲ ಹಾಗೇ ನೆಲದ ಮೇಲೆ ಬಿಟ್ಟಿದ್ದರು. ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ, "ನಾಯಿ ಚೆನ್ನಾಗೇ ಇದೆ ಮೇಡಂ, ಬಾಲ ಅಲ್ಲಾಡಿಸ್ತಾ ಇದೆ, ಬೆಳಗ್ಗೆ ಬರ್ತೀವಿ" ಅಂದರು. ನಾನೂ ಡಾಕ್ಟರೂ ಎಷ್ಟು ಹೇಳಿದರೂ ಕೇಳಲಿಲ್ಲ. ರಾತ್ರಿ ಎರಡಕ್ಕೆ ಮತ್ತೆ ಫೋನ್ ಬಂತು. ನಾಯಿ ನಿಂತಲ್ಲೇ ನಡುಗುತ್ತಿತ್ತು. ಅದು ಉಳಿಯಿತು, ಆದರೆ ಎರಡು ದಿನ ಡ್ರಿಪ್ ಮೇಲೆ ಇತ್ತು.

ಚಾಕೊಲೇಟ್ ತಿಂದ ಮೊದಲ ಗಂಟೆಗಳಲ್ಲಿ ನಾಯಿ ಚೆನ್ನಾಗಿಯೇ ಇರುತ್ತದೆ. ಲಕ್ಷಣ ಸಾಮಾನ್ಯವಾಗಿ ಕಾಣಿಸುವುದು 6ರಿಂದ 12 ಗಂಟೆಯೊಳಗೆ. ಲಕ್ಷಣ ಇಲ್ಲದ ಆ ಹೊತ್ತೇ ಚಿಕಿತ್ಸೆ ಸುಲಭವಾಗಿರುವ ಹೊತ್ತು. ದಯವಿಟ್ಟು ಅದನ್ನು ಕಳೆದುಕೊಳ್ಳಬೇಡಿ.

ಹಂತ 5: ಫೋನ್ ಮಾಡಿ, ಹೀಗೆ ಹೇಳಿ

"ಡಾಕ್ಟ್ರೇ, ನಮ್ಮದು ನಾಡುನಾಯಿ, ನಾಲ್ಕು ವರ್ಷ, 16 ಕೆಜಿ. ಡಾರ್ಕ್ ಚಾಕೊಲೇಟ್ 80 ಗ್ರಾಂ ತಿಂದಿದೆ. ಏಳರಿಂದ ಏಳೂವರೆ ಒಳಗೆ. ಒಣದ್ರಾಕ್ಷಿ ಇಲ್ಲ, ಸಕ್ಕರೆ ಇರೋದೇ. ವಾಂತಿ ಆಗಿಲ್ಲ. ಕೆಜಿಗೆ 25 ಬರ್ತಿದೆ."

ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಡಾಕ್ಟರಿಗೆ ತೀರ್ಮಾನ ಮಾಡಲು ಬೇಕಾದದ್ದು ಇಷ್ಟೇ. ಬೇರೆ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಸೇರಿಸಿ.

ಡಾಕ್ಟರ್ ಸಿಗದಿದ್ದರೆ ಮುಂದಿನ ನಂಬರಿಗೆ ಹೋಗಿ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ. ತಾಲ್ಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಆಸ್ಪತ್ರೆ ತೆರೆದಿರುವ ಹೊತ್ತನ್ನು ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ. 1962 ಸರ್ಕಾರದ ಪಶು ಸಹಾಯವಾಣಿ, ಅದಕ್ಕೂ ಕರೆ ಮಾಡಬಹುದು. ಆದರೆ ಗಾಡಿ ಮನೆಗೆ ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ, ನೀವೇ ಹೊರಡಿ.

ಹಂತ 6: ಇದೇ ಹೊತ್ತಿನಲ್ಲಿ ಮಾಡಬಾರದ ಕೆಲಸಗಳು

ಉಪ್ಪುನೀರು ಕುಡಿಸಬೇಡಿ. ಎಲ್ಲಕ್ಕಿಂತ ಜೋರಾಗಿ ಹೇಳಬೇಕಾದ ಮಾತು ಇದು. ಹಿರಿಯರು ಹೇಳಿದರು, ಪಕ್ಕದ ಮನೆಯವರು ಹೇಳಿದರು ಅಂತ ಚಮಚಗಟ್ಟಲೆ ಉಪ್ಪು ಹಾಕಿ ಕುಡಿಸುತ್ತಾರೆ. ವಾಂತಿ ಬಾರದಿದ್ದರೆ ಆ ಉಪ್ಪು ಪೂರ್ತಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಸೋಡಿಯಂ ಏರಿದರೆ ಮಿದುಳಿಗೆ ಪೆಟ್ಟಾಗುತ್ತದೆ, ಅದರಿಂದಲೇ ಫಿಟ್ಸ್ ಬರಬಹುದು. ಒಂದು ಲ್ಯಾಬ್ರಡಾರ್ ನಮ್ಮಲ್ಲಿಗೆ ಬಂದಿತ್ತು. ಚಾಕೊಲೇಟ್ ಲೆಕ್ಕ ಹಾಕಿದರೆ ಕೆಜಿಗೆ 6 ಕೂಡ ಬರಲಿಲ್ಲ. ಮನೆಯಲ್ಲೇ ಇದ್ದು ನೋಡಿಕೊಂಡಿದ್ದರೆ ಸಾಕಿತ್ತು. ಅದನ್ನು ಅಡ್ಮಿಟ್ ಮಾಡಬೇಕಾಗಿ ಬಂದದ್ದು ಉಪ್ಪಿನಿಂದ.

ಹೈಡ್ರೋಜನ್ ಪೆರಾಕ್ಸೈಡ್ ನೀವಾಗಿ ಕುಡಿಸಬೇಡಿ. ಇಂಟರ್ನೆಟ್ಟಿನಲ್ಲಿ ಓದಿದ ಅಳತೆ 3 ಶೇಕಡಾ ದ್ರಾವಣದ್ದು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 6 ಶೇಕಡಾ, ಅಂದರೆ ಎರಡು ಪಟ್ಟು. ಅದು ಹೊಟ್ಟೆಯ ಒಳಗೋಡೆಯನ್ನು ಸುಡುತ್ತದೆ.

ಗಂಟಲಿಗೆ ಬೆರಳು ಹಾಕಬೇಡಿ. ನಾಯಿ ಕಚ್ಚುತ್ತದೆ, ಗಂಟಲು ಗಾಯವಾಗುತ್ತದೆ, ವಾಂತಿ ಆಗುವುದಿಲ್ಲ. ಎಣ್ಣೆ, ಹುಣಸೆ ನೀರು, ಬೇವಿನ ರಸ ಬಲವಂತವಾಗಿ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯಬಹುದು.

ಹಾಲು, ಮಜ್ಜಿಗೆ, ಎಳನೀರು ಕೋಕೋದ ವಿಷವನ್ನು ಇಳಿಸುವುದಿಲ್ಲ. ಒಲೆಯ ಇದ್ದಿಲು ಪುಡಿ ಮಾಡಿ ಕೊಟ್ಟರೂ ಪ್ರಯೋಜನ ಇಲ್ಲ. ಆಸ್ಪತ್ರೆಯಲ್ಲಿ ಕೊಡುವ ಆಕ್ಟಿವೇಟೆಡ್ ಇದ್ದಿಲು ಬೇರೆಯದೇ ವಸ್ತು, ಅದನ್ನು ಕೊಡಲೂ ಕ್ರಮ ಇದೆ. ಮನುಷ್ಯರ ವಾಂತಿ ಮಾತ್ರೆ, ನಿದ್ದೆ ಮಾತ್ರೆ ಯಾವುದೂ ಬೇಡ.

ಹಂತ 7: ಆಸ್ಪತ್ರೆಗೆ ಹೋಗುವಾಗ

ತಟ್ಟೆಯಲ್ಲಿದ್ದ ಕವರ್, ಚೂರು, ಬರೆದ ಹಾಳೆ ಒಂದು ಚೀಲಕ್ಕೆ ಹಾಕಿಕೊಳ್ಳಿ. ನಾಯಿ ವಾಂತಿ ಮಾಡಿದ್ದರೆ ಅದರ ಫೋಟೋ ತೆಗೆಯಿರಿ. ಹಳೆಯ ಟವೆಲ್ ಎರಡು ಬೇಕು. ಸಾಧ್ಯವಾದರೆ ಇನ್ನೊಬ್ಬರು ಜೊತೆಗಿರಲಿ, ಒಬ್ಬರು ಗಾಡಿ ಓಡಿಸಲಿ, ಇನ್ನೊಬ್ಬರು ನಾಯಿ ಹಿಡಿದುಕೊಳ್ಳಲಿ.

ಆಟೋದವರು ಒಪ್ಪುವುದಿಲ್ಲ ಅಂತ ಬಾಯಿಗೆ ಬಟ್ಟೆ ಕಟ್ಟುವವರಿದ್ದಾರೆ. ಈ ಹೊತ್ತಿನಲ್ಲಿ ಅದು ಬಹಳ ಅಪಾಯ. ವಾಂತಿ ಬಂದರೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಉಸಿರುಗಟ್ಟುತ್ತದೆ.

ದಾರಿಯಲ್ಲಿ ಫಿಟ್ಸ್ ಬಂದರೆ ತಲೆಗೆ ಏನೂ ತಾಗದಂತೆ ಟವೆಲ್ ಇಡಿ, ಗಾಡಿಯ ಒಳಗೆ ತಂಪು ಮಾಡಿ, ಎಷ್ಟು ಹೊತ್ತು ಇತ್ತು ಅಂತ ಗಡಿಯಾರ ನೋಡಿ. ಬಾಯೊಳಗೆ ಕೈ, ಚಮಚ ಏನೂ ಹಾಕಬೇಡಿ. ಮನುಷ್ಯರಿಗೆ ಮಾಡುವ ಹಾಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ಈರುಳ್ಳಿ ಹೊಟ್ಟೆಗೆ ಹೋದರೆ ಅದೂ ನಾಯಿಗೆ ವಿಷವೇ.

ತಿಂದು ಎರಡು ಗಂಟೆಯ ಒಳಗೆ ತಲುಪಿದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುವುದು ಸುಲಭ. ಚಾಕೊಲೇಟ್ ಹೊಟ್ಟೆಯಲ್ಲಿ ಕರಗಿ ಮುದ್ದೆಯಾಗಿ ಅಂಟಿಕೊಂಡಿರುವುದರಿಂದ ಅದಕ್ಕಿಂತ ತಡವಾದರೂ ಎಷ್ಟೋ ಸಲ ವಾಂತಿ ಮಾಡಿಸುತ್ತಾರೆ. ಆದ್ದರಿಂದ "ಇನ್ನು ಹೋಗಿ ಏನು ಉಪಯೋಗ" ಅಂತ ನೀವೇ ತೀರ್ಮಾನಿಸಬೇಡಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ವಾಂತಿ ಮಾಡಿಸುವುದು ಅಪಾಯ ಅಂತ ಡಾಕ್ಟರ್ ಬೇರೆ ದಾರಿ ಹಿಡಿಯಬಹುದು. ಆಮೇಲೆ ಇದ್ದಿಲು, ಡ್ರಿಪ್, ಬೇಕಾದರೆ ಹೃದಯಕ್ಕೂ ಫಿಟ್ಸ್‌ಗೂ ಔಷಧಿ. ಥಿಯೋಬ್ರೋಮಿನ್‌ಗೆ ಎದುರಾಗಿ ಕೊಡುವ ಮದ್ದು ಅಂತ ಒಂದಿಲ್ಲ. ಅದು ದೇಹದಿಂದ ಹೊರಗೆ ಹೋಗುವವರೆಗೆ ನಾಯಿಯನ್ನು ಕಾಯಬೇಕು. ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ನಾಯಿಗೆ ಸುಮಾರು 17 ಗಂಟೆ ಬೇಕು. ರಾತ್ರಿ ಅಲ್ಲೇ ಇರಿಸಿ ಅಂದರೆ ಅದಕ್ಕೇ.

ಹಂತ 8: ಮನೆಯಲ್ಲೇ ನೋಡಿಕೊಳ್ಳಿ ಅಂದರೆ

ಡಾಕ್ಟರ್ ಹಾಗೆ ಹೇಳಿದರೆ, ಮೊದಲ 12 ಗಂಟೆ ಯಾರಾದರೂ ಒಬ್ಬರು ಎಚ್ಚರ ಇರಬೇಕು. ಗಂಟೆಗೊಮ್ಮೆ ನೋಡಿ, ಬರೆದಿಡಿ.

ಎದೆಬಡಿತ ಎಣಿಸುವುದನ್ನು ಕಲಿಯಿರಿ. ನಾಯಿ ಮಲಗಿರುವಾಗ ಎಡ ಮುಂಗಾಲಿನ ಮೊಣಕೈ ಹಿಂದೆ, ಎದೆಯ ಮೇಲೆ ಅಂಗೈ ಇಡಿ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿ. ಆಟ ಆಡಿ ಬಂದ ತಕ್ಷಣ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸುಮ್ಮನೆ ಮಲಗಿದ್ದಾಗಲೂ ದೊಡ್ಡ ನಾಯಿಗೆ 140, ಚಿಕ್ಕದಕ್ಕೆ 180 ದಾಟಿದರೆ ಹೊರಡಿ. ಬಡಿತ ನಡುನಡುವೆ ತಪ್ಪುತ್ತಿದ್ದರೂ ಹೊರಡಿ.

ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ಆದರೆ ತುರ್ತು.

ಕಣ್ಣಲ್ಲಿ ಕಾಣುವ ಲಕ್ಷಣಗಳು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಬರುತ್ತವೆ. ಮೊದಲು ಬಾಯಾರಿಕೆ, ವಾಂತಿ, ಭೇದಿ. ಆಮೇಲೆ ಕೂತಲ್ಲಿ ಕೂರದೆ ಓಡಾಟ, ಏದುಸಿರು, ಪದೇಪದೇ ಮೂತ್ರ. ಅದರ ನಂತರ ಕಾಲು ಸೆಟೆಯುವುದು, ನಡುಕ, ಕೊನೆಗೆ ಫಿಟ್ಸ್. ಎಷ್ಟೋ ಜನ ಎರಡನೇ ಹಂತವನ್ನು ಗುರುತಿಸುವುದಿಲ್ಲ. "ಇವತ್ತು ಭಾರೀ ಚುರುಕಾಗಿದೆ" ಅಂದುಕೊಳ್ಳುತ್ತಾರೆ. ರಾತ್ರಿ ಹನ್ನೆರಡಕ್ಕೆ ಮಲಗಬೇಕಾದ ನಾಯಿ ಮನೆಯೆಲ್ಲಾ ಸುತ್ತುತ್ತಿದ್ದರೆ ಅದು ಚುರುಕಲ್ಲ. ಫೋನ್ ಮಾಡಿ.

ನೀರು ಯಾವಾಗಲೂ ಮುಂದೆ ಇರಲಿ, ಆದರೆ ಬಲವಂತವಾಗಿ ಕುಡಿಸಬೇಡಿ. ಮೂರು ನಾಲ್ಕು ಗಂಟೆಗೊಮ್ಮೆ ಮೂತ್ರಕ್ಕೆ ಹೊರಗೆ ಕರೆದೊಯ್ಯಿರಿ, ರಾತ್ರಿಯಲ್ಲೂ. ಮೂತ್ರಕೋಶದಲ್ಲೇ ನಿಂತರೆ ವಿಷ ಅಲ್ಲಿಂದ ಮತ್ತೆ ರಕ್ತಕ್ಕೆ ಸೇರುತ್ತದೆ. ನಿಧಾನವಾಗಿ ನಡೆಸಿ, ಓಡಿಸಬೇಡಿ. ಮನೆ ತಣ್ಣಗಿರಲಿ, ಟಿವಿ ಸದ್ದು ಕಡಿಮೆ ಇರಲಿ.

ಹಂತ 9: ಮೂರನೇ ದಿನದವರೆಗೆ ಕಣ್ಣಿಡಿ

ಹೆಚ್ಚು ತಿಂದಿದ್ದರೆ ಲಕ್ಷಣ 72 ಗಂಟೆವರೆಗೂ ಇರಬಹುದು. ಇನ್ನೊಂದು ತೊಂದರೆ ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಬರುತ್ತದೆ. ಚಾಕೊಲೇಟ್, ಕೇಕಿನಲ್ಲಿರುವ ಕೊಬ್ಬಿನಿಂದ ಒಂದರಿಂದ ಮೂರು ದಿನಗಳಲ್ಲಿ ಮೇದೋಜ್ಜೀರಕ ಗ್ರಂಥಿಗೆ ಉರಿಯೂತ ಬರಬಹುದು. ಬಿಳಿ ಚಾಕೊಲೇಟ್ ತಿಂದ ನಾಯಿಗೂ ಇದು ಬರಬಹುದು. ನಾಯಿ ಊಟ ಬಿಡುತ್ತದೆ, ಮತ್ತೆ ವಾಂತಿ ಮಾಡುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ಹೊಟ್ಟೆ ಮುಟ್ಟಲು ಬಿಡುವುದಿಲ್ಲ.

ವಾಂತಿ ನಿಂತು, ಡಾಕ್ಟರ್ ಒಪ್ಪಿದ ಮೇಲೆ ಮೆತ್ತಗೆ ಬೇಯಿಸಿದ ಅನ್ನ, ಚರ್ಮ ತೆಗೆದ ಕೋಳಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ಉಪ್ಪು, ಈರುಳ್ಳಿ, ತುಪ್ಪ ಬೇಡ. ಸಸ್ಯಾಹಾರದ ಮನೆಯಾದರೆ ಅನ್ನ ಮತ್ತು ಬೇಯಿಸಿದ ಕುಂಬಳಕಾಯಿ ಸಾಕು.

ಕವರ್ ನುಂಗಿದ್ದರೆ ಪ್ರತಿ ಸಲ ಮಲ ನೋಡಿ. ಬೆಳ್ಳಿ ಹಾಳೆ, ಪ್ಲಾಸ್ಟಿಕ್ ಸಾಮಾನ್ಯವಾಗಿ ಹೊರಗೆ ಬಂದುಬಿಡುತ್ತದೆ. ಮೂರು ದಿನವಾದರೂ ಬಾರದೆ ನಾಯಿ ವಾಂತಿ ಮಾಡುತ್ತಿದ್ದರೆ, ಮುಕ್ಕರಿದರೂ ಮಲ ಬಾರದಿದ್ದರೆ, ಕರುಳಲ್ಲಿ ಸಿಕ್ಕಿರಬಹುದು. ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕಾಗುತ್ತದೆ. ಗುದದಿಂದ ಗಿಫ್ಟ್ ಡಬ್ಬಿಯ ರಿಬ್ಬನ್ ಅಥವಾ ಪ್ಲಾಸ್ಟಿಕ್ ಎಳೆ ಜೋತಾಡುವುದು ಕಂಡರೆ ಎಳೆಯಬೇಡಿ. ಇನ್ನೊಂದು ತುದಿ ಒಳಗೆ ಕರುಳಿಗೆ ಸುತ್ತಿಕೊಂಡಿದ್ದರೆ ಕರುಳು ಹರಿಯುತ್ತದೆ. ಅದನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಕರೆದುಕೊಂಡು ಬನ್ನಿ.